ಸುಳ್ಳು ಹೇಳುವ ಮಗ, ಬಾಗಿಲು ಹಾಕಿಕೊಳ್ಳುವ ಮಗಳು

ಪ್ರಶ್ನೆ: ನನಗೆ ಮೂವರು ಮಕ್ಕಳು. ಮಗಳಿಗೆ 13 ವರ್ಷ, ಮಗನಿಗೆ ನಾಲ್ಕೂವರೆ, ಪಾಪುಗೆ 10 ತಿಂಗಳು. ಮಗ ಇತ್ತೀಚೆಗೆ ಸಲೀಸಾಗಿ ಸುಳ್ಳು ಹೇಳುತ್ತಾನೆ. ಮೊನ್ನೆ ಗಾಜಿನ ಲೋಟ ಬೀಳಿಸಿ ಒಡೆದ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. "ಯಾರು ಒಡೆದಿದ್ದು?" ಅಂತ ಕೇಳಿದರೆ "ಪಾಪು" ಅಂದ. ಪಾಪುಗೆ ಇನ್ನೂ ನಿಲ್ಲಲೂ ಬರುವುದಿಲ್ಲ. ಮಗಳು ಶಾಲೆಯಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಹೇಳಿದರೂ ವಾದ. ಗೆಳತಿಯರು ಹೇಳಿದ್ದೇ ಅವಳಿಗೆ ವೇದವಾಕ್ಯ. ಪಾಪು ಮೂರು ತಿಂಗಳ ಹಿಂದೆ ಯಾರು ಕರೆದರೂ ಹೋಗುತ್ತಿತ್ತು. ಈಗ ನಾನು ಸ್ನಾನಕ್ಕೆ ಹೋದರೂ ಚೀರಾಡುತ್ತದೆ. "ಸಲುಗೆ ಜಾಸ್ತಿ ಕೊಟ್ಟೆ, ಎರಡೇಟು ಬಿಟ್ಟರೆ ಸರಿಹೋಗುತ್ತಾರೆ" ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಮಕ್ಕಳಿಗೆ ಸರಿ ತಪ್ಪು ಯಾವ ವಯಸ್ಸಿಗೆ ತಿಳಿಯುತ್ತದೆ? ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ನಿಮ್ಮ ಮನಸ್ಸು ಸ್ವಲ್ಪ ಹಗುರವಾಗಲಿ. ನೀವು ಬರೆದಿರುವ ಮೂರೂ ಆಯಾ ವಯಸ್ಸಿಗೆ ಬರಬೇಕಾದವೇ. ಮೂವರಿಗೂ ಹೊಸದೊಂದು ಶಕ್ತಿ ಈಗಷ್ಟೇ ಬಂದಿದೆ. ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಮಕ್ಕಳ ಬೆಳವಣಿಗೆಯಲ್ಲಿ ಇವೆರಡೂ ಒಂದೇ ದಿನ ಬರುವುದು ತೀರಾ ಕಡಿಮೆ. ನಡುವೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಂತರ ಇರುತ್ತದೆ. ಆ ಅಂತರದಲ್ಲಿ ಮಗು ಮಾಡುವುದೇ ನಮಗೆ ಹಟ, ಸುಳ್ಳು, ಎದುರುತ್ತರ ಅಂತ ಕಾಣುವುದು.

ಲೋಟದಿಂದಲೇ ಶುರು ಮಾಡೋಣ.

"ಪಾಪು" ಅನ್ನುವ ಆ ಒಂದು ಮಾತಿಗೆ ನಿಮ್ಮ ಮಗನ ತಲೆಯಲ್ಲಿ ಎಷ್ಟು ಕೆಲಸ ನಡೆದಿರಬೇಕು ನೋಡಿ. ಲೋಟ ಒಡೆದದ್ದು ತನಗೆ ಗೊತ್ತು, ಆದರೆ ಅಮ್ಮನಿಗೆ ಗೊತ್ತಿಲ್ಲ ಅಂತ ಅವನು ಲೆಕ್ಕ ಹಾಕಿದ್ದಾನೆ. ಬಾಯಿಗೆ ಬಂದ ನಿಜವನ್ನು ತಡೆದಿದ್ದಾನೆ. ಅಮ್ಮ ನಂಬಬಹುದಾದ ಇನ್ನೊಂದು ಮಾತನ್ನು ಹುಡುಕಿದ್ದಾನೆ. ಎರಡು ವರ್ಷದ ಮಗುವಿಗೆ ಇಷ್ಟು ಆಗುವುದಿಲ್ಲ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅನ್ನುವ ಲೋಕದಲ್ಲಿ ಅದು ಇರುತ್ತದೆ.

1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಮಕ್ಕಳಿಗೆ ಒಂದು ಪುಟ್ಟ ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಒಂದು ಕಪಾಟಿನಲ್ಲಿ ಚಾಕೊಲೇಟ್ ಇಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಹೊಸ ಕಪಾಟನ್ನೇ ತೋರಿಸುತ್ತಾರೆ. ಚಾಕೊಲೇಟ್ ಅಲ್ಲಿದೆ ಅಂತ ತಮಗೆ ಗೊತ್ತಲ್ಲ, ಮ್ಯಾಕ್ಸಿಗೂ ಗೊತ್ತಿರಬೇಕು! ನಾಲ್ಕು ದಾಟಿ ಐದರ ಕಡೆ ಹೋಗುವ ಹೊತ್ತಿಗೆ ಬಹಳಷ್ಟು ಮಕ್ಕಳು ಹಳೆಯ ಕಪಾಟನ್ನು ತೋರಿಸುತ್ತಾರೆ. ಬೇರೆಯವರ ತಲೆಯಲ್ಲಿ ಬೇರೆಯದೇ ನಂಬಿಕೆ ಇರಬಹುದು, ಅದು ತಪ್ಪೂ ಇರಬಹುದು ಅನ್ನುವುದು ಅವರಿಗೆ ಹೊಳೆದಿರುತ್ತದೆ. ನಿಮ್ಮ ಮಗ ಸರಿಯಾಗಿ ಈ ಹೊಸ್ತಿಲ ಮೇಲೆ ನಿಂತಿದ್ದಾನೆ.

ಇದೇ ಶಕ್ತಿಯಿಂದ ಅವನು ನಾಳೆ ಪಾಪುಗೆ ಏನು ಬೇಕು ಅಂತ ಊಹಿಸುತ್ತಾನೆ. ಗೆಳೆಯನಿಗೆ ಬೇಜಾರಾಗಿದೆ ಅಂತ ಗುರುತಿಸುತ್ತಾನೆ, ಗುಟ್ಟು ಕಾಪಾಡುತ್ತಾನೆ, ಕ್ಷಮೆ ಕೇಳುತ್ತಾನೆ. ಸುಳ್ಳಿಗೂ ಕರುಣೆಗೂ ಬೇರು ಒಂದೇ. ನಾನು ಪಾಲಕರಿಗೆ ಇದನ್ನು ಹೇಳಿದಾಗ ಬಹಳ ಜನ ನಂಬುವುದಿಲ್ಲ. ಆದರೆ ಇದು ಮನಸ್ಸಿಗೆ ಇಳಿದರೆ ಅರ್ಧ ಭಯ ಹೋಗುತ್ತದೆ.

ಸಂಶೋಧಕರು ಮಕ್ಕಳ ಸುಳ್ಳನ್ನು ಒಂದು ಆಟದ ಮೂಲಕ ನೋಡುತ್ತಾರೆ. ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, "ತಿರುಗಿ ನೋಡಬೇಡ, ಈಗ ಬಂದೆ" ಅಂತ ಹೊರಗೆ ಹೋಗುತ್ತಾರೆ. ಹೆಚ್ಚಿನ ಮಕ್ಕಳು ತಿರುಗಿ ನೋಡಿಯೇ ನೋಡುತ್ತಾರೆ. ವಾಪಸ್ ಬಂದು "ನೋಡಿದೆಯಾ?" ಅಂತ ಕೇಳಿದರೆ ಮೂರು ವರ್ಷದವರಲ್ಲಿ ಎಷ್ಟೋ ಮಂದಿ ಒಪ್ಪಿಕೊಳ್ಳುತ್ತಾರೆ. ನಾಲ್ಕು ದಾಟಿದವರಲ್ಲಿ ಹೆಚ್ಚಿನವರು "ಇಲ್ಲ" ಅನ್ನುತ್ತಾರೆ. ಆದರೆ ಅದರ ಬೆನ್ನಿಗೇ "ಆಟಿಕೆ ಏನಿರಬಹುದು ಹೇಳು" ಅಂದರೆ ಅದರ ಹೆಸರನ್ನೂ ಹೇಳಿಬಿಡುತ್ತಾರೆ! ಸುಳ್ಳು ಹುಟ್ಟಿದೆ, ಅದನ್ನು ಕಾಪಾಡಿಕೊಳ್ಳುವ ಬುದ್ಧಿ ಇನ್ನೂ ಇಲ್ಲ. ಆರೇಳು ವರ್ಷದವರೆಗೂ ಹೀಗೆ ಬಾಯಿ ಬಿಡುವುದು ನಡೆದೇ ಇರುತ್ತದೆ. ನಿಲ್ಲಲು ಬಾರದ ಪಾಪುವಿನ ಮೇಲೆ ನಿಮ್ಮ ಮಗ ತಪ್ಪು ಹೊರಿಸಿದ್ದೂ ಇದೇ ಥರ.

ಹಾಗಂತ ಸುಳ್ಳನ್ನು ಮೆಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಉತ್ತರ ಕೊಡಲೇಬೇಕು. ಹೇಗೆ ಕೊಡುತ್ತೀರಿ ಅನ್ನುವುದು ಮುಖ್ಯ. ನಿಮ್ಮ ಪತ್ರದಲ್ಲಿ ನಾನು ಬದಲಿಸಿಕೊಳ್ಳಿ ಅನ್ನುವುದು ಒಂದೇ ಒಂದು. ಅವನೇ ಒಡೆದದ್ದನ್ನು ನೀವು ನೋಡಿದ್ದಿರಿ. ಆದರೂ "ಯಾರು ಒಡೆದಿದ್ದು?" ಅಂತ ಕೇಳಿದಿರಿ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಮಗುವಿಗೆ ಬಲೆ ಇದ್ದ ಹಾಗೆ. ಹೆದರಿದ ಮಗು ಹೆಚ್ಚಾಗಿ ಬೀಳುವುದು ಸುಳ್ಳಿನ ಕಡೆಗೇ. ಅದರ ಬದಲು, "ಲೋಟ ಬಿದ್ದಿದ್ದು ನೋಡಿದೆ. ಗಾಜು ಚುಚ್ಚುತ್ತೆ, ದೂರ ನಿಲ್ಲು. ನಾನು ಚೂರು ತೆಗೀತೀನಿ, ನೀನು ಒಂದು ಬಟ್ಟೆ ತಗೊಂಡು ಬಾ, ನೀರು ಒರೆಸೋಣ" ಅಂದಿದ್ದರೆ ಸುಳ್ಳಿಗೆ ಜಾಗವೇ ಇರುತ್ತಿರಲಿಲ್ಲ. ತಪ್ಪು ಮಾಡಿದ ಮೇಲೆ ಸರಿಪಡಿಸಬೇಕು ಅನ್ನುವುದನ್ನೂ ಅವನು ಕೈಯಾರೆ ಕಲಿಯುತ್ತಿದ್ದ.

ಇಲ್ಲಿ ಎರಡು ಅಧ್ಯಯನಗಳನ್ನು ಹೇಳಬೇಕು. ಒಂದು 2011ರದ್ದು. ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳಿಗೆ ಇದೇ ಆಟಿಕೆಯ ಆಟ ಆಡಿಸಿದರು. ಒಂದು ಶಾಲೆಯಲ್ಲಿ ಸಣ್ಣ ತಪ್ಪಿಗೂ ಹೊಡೆತ ಬೀಳುತ್ತಿತ್ತು, ಇನ್ನೊಂದರಲ್ಲಿ ಬುದ್ಧಿ ಹೇಳುತ್ತಿದ್ದರು. ಹೊಡೆತದ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳು ಹೇಳಿದರು, ಆ ಸುಳ್ಳನ್ನು ಹೆಚ್ಚು ಜಾಣತನದಿಂದ ಉಳಿಸಿಕೊಂಡರು. ಏಟು ಅವರಿಗೆ ಸಿಕ್ಕಿಬೀಳದಿರುವುದನ್ನು ಕಲಿಸಿತ್ತು.

ಇನ್ನೊಂದು 2014ರದ್ದು. ಮೂರರಿಂದ ಏಳು ವರ್ಷದ ಮಕ್ಕಳಿಗೆ ಆಟದ ಮಧ್ಯೆ ಬೇರೆ ಬೇರೆ ಕಥೆ ಓದಿ ಹೇಳಿದರು. ಕೆಲವರಿಗೆ, ತೋಳ ಬಂತು ಅಂತ ಸುಳ್ಳು ಹೇಳಿ ಕೊನೆಗೆ ನಿಜವಾಗಿ ತೋಳ ಬಂದಾಗ ಯಾರೂ ಬಾರದೆ ಹೋದ ಹುಡುಗನ ಕಥೆ. ಕೆಲವರಿಗೆ, ಮರ ಕಡಿದದ್ದನ್ನು ಅಪ್ಪನ ಮುಂದೆ ಒಪ್ಪಿಕೊಂಡು ಮೆಚ್ಚುಗೆ ಪಡೆದ ಹುಡುಗನ ಕಥೆ. ನಾವೆಲ್ಲ ಮೊದಲನೆಯದೇ ಕೆಲಸ ಮಾಡುತ್ತೆ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಏನೂ ಮಾಡಲಿಲ್ಲ. ಎರಡನೆಯ ಕಥೆ ಕೇಳಿದ ಮಕ್ಕಳಲ್ಲಿ ನಿಜ ಒಪ್ಪಿಕೊಂಡವರು ಜಾಸ್ತಿ. ಸುಳ್ಳಿಗೆ ಏನಾಗುತ್ತೆ ಅನ್ನುವ ಭಯಕ್ಕಿಂತ, ನಿಜ ಹೇಳಿದರೆ ಅಮ್ಮ ಅಪ್ಪನಿಗೆ ಖುಷಿಯಾಗುತ್ತೆ ಅನ್ನುವ ಧೈರ್ಯ ಅವರಿಗೆ ಬೇಕಿತ್ತು. ಆದ್ದರಿಂದ ಮುಂದೆ ಅವನು ಯಾವತ್ತಾದರೂ ತಾನಾಗಿ ಬಂದು "ನಾನು ಚೆಲ್ಲಿದೆ" ಅಂದರೆ, ಚೆಲ್ಲಿದ್ದಕ್ಕೆ ಬೈಯುವ ಮೊದಲು ಹೇಳಿದ್ದಕ್ಕೆ ಸಂತೋಷ ತೋರಿಸಿ.

ಸರಿ ತಪ್ಪು ಯಾವ ವಯಸ್ಸಿಗೆ ತಿಳಿಯುತ್ತದೆ ಅಂತ ಕೇಳಿದ್ದೀರಿ. ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕೆಂದರೆ ಉತ್ತರ ನಾವು ಊಹಿಸುವುದಕ್ಕಿಂತ ಎಷ್ಟೋ ಮೊದಲು ಇದೆ. ಎಲಿಯಟ್ ಟ್ಯೂರಿಯಲ್ ಮತ್ತು ಜುಡಿತ್ ಸ್ಮೆಟಾನಾ ಎಂಬ ಸಂಶೋಧಕರು ಪುಟ್ಟ ಮಕ್ಕಳಿಗೆ ಒಂದು ಸರಳ ವಿಷಯ ಕೇಳುತ್ತಿದ್ದರು. "ಆಟಿಕೆಯನ್ನು ಅದರ ಜಾಗದಲ್ಲಿ ಇಡದಿದ್ದರೂ ಪರವಾಗಿಲ್ಲ ಅಂತ ಟೀಚರ್ ಹೇಳಿದರೆ?" ಆಗ ಇಡದಿದ್ದರೂ ನಡೆಯುತ್ತೆ ಅನ್ನುತ್ತಾರೆ ಮಕ್ಕಳು. "ಇನ್ನೊಬ್ಬರಿಗೆ ಹೊಡೆದರೂ ಪರವಾಗಿಲ್ಲ ಅಂತ ಟೀಚರ್ ಹೇಳಿದರೆ?" ಇದಕ್ಕೆ ಒಪ್ಪುವುದಿಲ್ಲ. ಟೀಚರ್ ಹೇಳಿದರೂ ಹೊಡೆಯುವುದು ತಪ್ಪು, ಯಾಕೆಂದರೆ ನೋವಾಗುತ್ತೆ. ಮೂರು ನಾಲ್ಕು ವರ್ಷಕ್ಕೇ ಈ ಎರಡರ ವ್ಯತ್ಯಾಸ ಅವರಿಗೆ ಗೊತ್ತಿರುತ್ತದೆ. ನಿಯಮ ಬೇರೆ, ನೋವು ಬೇರೆ. ಇದನ್ನು ಯಾರೂ ಕೂರಿಸಿಕೊಂಡು ಪಾಠ ಮಾಡಿರುವುದಿಲ್ಲ. ತಾವು ಪೆಟ್ಟು ತಿಂದು, ಬೇರೆಯವರು ಅಳುವುದನ್ನು ನೋಡಿ ಕಲಿತಿರುತ್ತಾರೆ.

ಆದರೆ ತಿಳಿಯುವುದು ಮೊದಲು, ಮಾಡುವುದು ಆಮೇಲೆ. 2013ರ ಒಂದು ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳ ಕೈಗೆ ಸ್ಟಿಕರ್ ಕೊಟ್ಟರು. ಇನ್ನೊಂದು ಮಗುವಿಗೆ ಎಷ್ಟು ಕೊಡಬೇಕು ಅಂತ ಕೇಳಿದರೆ ಚಿಕ್ಕವರೂ ದೊಡ್ಡವರೂ "ಅರ್ಧ" ಅಂದರು. ನಿಜವಾಗಿ ಕೊಡುವಾಗ ಚಿಕ್ಕವರು ಜಾಸ್ತಿ ತಾವೇ ಇಟ್ಟುಕೊಂಡರು. ಏಳೆಂಟು ವರ್ಷದವರು ಮಾತ್ರ ಹೇಳಿದಷ್ಟೇ ಕೊಟ್ಟರು. "ಗೊತ್ತಿದ್ದೂ ಮಾಡ್ತಾನೆ" ಅಂತ ನಮಗೆ ಸಿಟ್ಟು ಬರುತ್ತದಲ್ಲ, ಅದು ನಿಜ. ಗೊತ್ತಿದ್ದೂ ಮಾಡುತ್ತಾರೆ. ಆಸೆಯನ್ನು ತಡೆಯುವ ಕೆಲಸ ಮಾಡುವುದು ಮಿದುಳಿನ ಮುಂಭಾಗ. ಅದು ಪೂರ್ತಿ ಪಕ್ವವಾಗಲು ಇಪ್ಪತ್ತೈದರ ಆಸುಪಾಸಿನ ವಯಸ್ಸು ಬೇಕು.

ಲೋಟದ ಮಾತು ಬಂದಿದ್ದಕ್ಕೆ ಇನ್ನೊಂದು ಸಂಗತಿ ನೆನಪಾಯಿತು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಜೀವನವಿಡೀ ನೋಡಿದವರು, ತಮ್ಮ ಮೂವರು ಮಕ್ಕಳ ಒಂದೊಂದು ಚಲನೆಯನ್ನೂ ಬರೆದಿಟ್ಟವರು. ಅವರು 1932ರಲ್ಲಿ ಇಬ್ಬರು ಹುಡುಗರ ಕಥೆಯ ಬಗ್ಗೆ ಬರೆದರು. ಒಬ್ಬ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿಕೊಂಡು ಬಂದ. ಹಿಂದೆ ಬಟ್ಟಲುಗಳಿದ್ದದ್ದು ಗೊತ್ತಿರಲಿಲ್ಲ, 15 ಒಡೆದವು. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಬಟ್ಟಲು ಒಡೆದ. ಯಾರದು ದೊಡ್ಡ ತಪ್ಪು? ಚಿಕ್ಕ ಮಕ್ಕಳು "15 ಒಡೆದವನದ್ದು" ಅಂದರು. ದೊಡ್ಡವರು ಉದ್ದೇಶ ನೋಡಿ ಎರಡನೆಯವನನ್ನು ತೋರಿಸಿದರು. ಉದ್ದೇಶವನ್ನು ಬಿಡಿಸಿ ಹೇಳಿದರೆ ಇನ್ನೂ ಚಿಕ್ಕ ಮಕ್ಕಳೂ ಅದನ್ನು ಗಮನಿಸುತ್ತಾರೆ ಅಂತ ಆಮೇಲಿನವರು ತೋರಿಸಿದರು. ಅದಕ್ಕೇ ನಾನು ಹೇಳುವುದು, ಬಿಡಿಸಿ ಹೇಳಿ. "ನೀನು ಬೇಕಂತ ಮಾಡಲಿಲ್ಲ, ಗೊತ್ತು. ಓಡಿದ್ದಕ್ಕೆ ಕೈ ತಾಗಿತು." ನಮ್ಮಲ್ಲೇ ಎಷ್ಟೋ ದೊಡ್ಡವರು ಲೋಟದ ಬೆಲೆ ನೋಡಿ ಬೈಯುತ್ತೇವೆ, ಉದ್ದೇಶ ನೋಡಿ ಅಲ್ಲ. ಮಗು ಅದನ್ನೂ ಕಲಿಯುತ್ತದೆ.

ಇನ್ನು ಪಾಪು. ಏಳೆಂಟು ತಿಂಗಳ ತನಕ ಎಲ್ಲರ ಕೈಗೂ ಹೋಗುತ್ತಿದ್ದ ಮಗು ಆಮೇಲೆ ನಿಮ್ಮನ್ನೇ ಹಿಡಿದುಕೊಳ್ಳುತ್ತದೆ ಅಂದರೆ ಅದಕ್ಕೆ ಎರಡು ವಿಷಯ ತಿಳಿದಿದೆ. ನೀವು ಬೇರೆ, ಉಳಿದವರು ಬೇರೆ ಅನ್ನುವುದು ಒಂದು. ನೀವು ಕಣ್ಣಿಗೆ ಕಾಣದಿದ್ದಾಗಲೂ ಎಲ್ಲೋ ಇದ್ದೀರಿ ಅನ್ನುವುದು ಇನ್ನೊಂದು. ಇರುವ ಅಮ್ಮ ಬರುತ್ತಿಲ್ಲ ಅಂದರೆ ಅಳು ಬರದೆ ಇರುತ್ತದಾ? ಹೋದವಳು ವಾಪಸ್ ಬರುತ್ತಾಳೆ ಅನ್ನುವ ಲೆಕ್ಕ ಮಾತ್ರ ಅದಕ್ಕೆ ಇನ್ನೂ ಪಕ್ಕಾ ಆಗಿಲ್ಲ. ಮುಖ ಮುಚ್ಚಿ ತೆಗೆಯುವ ಆಟ ಈ ವಯಸ್ಸಿನ ಮಕ್ಕಳಿಗೆ ಇಷ್ಟು ಹುಚ್ಚು ಹಿಡಿಸುವುದು ಅದಕ್ಕೇ. ಕಳೆದುಹೋಗುವುದು, ಸಿಗುವುದು ಎರಡನ್ನೂ ಅದು ಅಭ್ಯಾಸ ಮಾಡುತ್ತಿರುತ್ತದೆ. ಸ್ನಾನಕ್ಕೆ ಹೋಗುವಾಗ ಕದ್ದು ಹೋಗಬೇಡಿ. ಹೇಳಿ ಹೋಗಿ, ಅತ್ತರೂ ಸರಿ. ಬಾಗಿಲ ಒಳಗಿನಿಂದ ಧ್ವನಿ ಕೇಳಿಸಿ. ಬಂದ ಮೇಲೆ "ಬಂದೆ" ಅನ್ನಿ.

ಎತ್ತಿಕೊಂಡರೆ ಹಾಳಾಗುತ್ತದೆ ಅನ್ನುವ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ತಾಯಿ ಮಗುವಿನ ನಂಟನ್ನು ಅಧ್ಯಯನ ಮಾಡಿದ ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ದಶಕಗಳ ಹಿಂದೆಯೇ ತೋರಿಸಿಕೊಟ್ಟ ವಿಷಯ ಇದು. ಅತ್ತಾಗ ಆಸರೆ ಸಿಗುತ್ತದೆ ಅಂತ ಗೊತ್ತಿರುವ ಮಗುವೇ ಧೈರ್ಯವಾಗಿ ದೂರ ಹೋಗಿ ಆಡುತ್ತದೆ. ಅಮ್ಮ ಅದಕ್ಕೆ ಹೊರಟು ವಾಪಸ್ ಬರುವ ನೆಲೆ. 1985ರಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ವರ್ಷದ ಮಕ್ಕಳನ್ನು ಗಟ್ಟಿ ಗಾಜಿನ ಮೇಲೆ ಬಿಟ್ಟರು. ಕೆಳಗೆ ಸ್ವಲ್ಪ ಆಳ ಕಾಣುವ ಹಾಗೆ ಮಾಡಿದ್ದರು. ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಾತು ಬರುವ ಮೊದಲೇ ಮಗು ಲೋಕವನ್ನು ನಿಮ್ಮ ಮುಖದಲ್ಲಿ ಓದುತ್ತದೆ.

ಈ ಆಸರೆ ಸಿಗದೇ ಹೋದರೆ ಏನಾಗುತ್ತದೆ ಅಂತಲೂ ನಮಗೆ ಗೊತ್ತಿದೆ, ನೋವಿನಿಂದ ಗೊತ್ತಿದೆ. ರೊಮೇನಿಯಾದ ಅನಾಥಾಲಯಗಳಲ್ಲಿ ಊಟ, ಬಟ್ಟೆ ಇದ್ದೂ ತಮ್ಮದು ಅನ್ನುವ ಒಂದು ಮುಖ ಇಲ್ಲದೆ ಮಕ್ಕಳು ಬೆಳೆದರು. 2000ದ ಸುಮಾರಿಗೆ ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಅವರ ಬುದ್ಧಿಶಕ್ತಿಯೂ ಒಡನಾಟವೂ ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಎರಡು ವರ್ಷಕ್ಕೆ ಮೊದಲೇ ಮನೆ ಸಿಕ್ಕವರಿಗೆ ಹೆಚ್ಚು ಲಾಭವಾಯಿತು. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ನೀವು ದಿನಾ ಪಾಪುವನ್ನು ಎತ್ತಿ ಸಮಾಧಾನ ಮಾಡುವುದು ಎಷ್ಟು ದೊಡ್ಡ ಕೆಲಸ ಅಂತ ಮನೆಯವರಿಗೂ ಗೊತ್ತಾಗಲಿ ಅಂತ.

ಪಾಪು ಇನ್ನೊಂದು ವರ್ಷಕ್ಕೆ ಬೇರೆಯೇ ಮಗುವಾಗಿರುತ್ತದೆ. ಒಂದೂವರೆಯಿಂದ ಎರಡರ ನಡುವೆ ಕನ್ನಡಿಯಲ್ಲಿರುವುದು ತಾನೇ ಅಂತ ಗುರುತಿಸುತ್ತದೆ. "ನಾನು", "ನಂದು", "ಬೇಡ" ಶುರುವಾಗುತ್ತವೆ. ನೆಲಕ್ಕೆ ಬಿದ್ದು ಹೊರಳಾಡುವ ಹಟವೂ ಆಗಲೇ. ಅದೇ ವಯಸ್ಸಿನಲ್ಲಿ ಅದು ಎಷ್ಟು ಒಳ್ಳೆಯದೂ ಹೌದು! 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 18 ತಿಂಗಳ ಮಕ್ಕಳ ಮುಂದೆ ಬಟ್ಟೆ ಕ್ಲಿಪ್ ಬೀಳಿಸಿಕೊಂಡು ಎಟುಕದೆ ಒದ್ದಾಡಿದಂತೆ ಮಾಡಿದರು. ಯಾರೂ ಕೇಳದೆಯೇ ಹೆಚ್ಚಿನ ಮಕ್ಕಳು ಹೋಗಿ ಎತ್ತಿಕೊಟ್ಟವು. ಎರಡು ವರ್ಷದ ನಂತರ ಅವರೇ ಇನ್ನೊಂದು ವಿಷಯ ಕಂಡರು. ಸಹಾಯಕ್ಕೆ ಬಹುಮಾನ ಪಡೆದ ಮಕ್ಕಳು ಮುಂದಿನ ಸಲ ಕಡಿಮೆ ಸಹಾಯ ಮಾಡಿದರು. ಒಳಗಿನಿಂದ ಬರುತ್ತಿದ್ದದ್ದು ವ್ಯಾಪಾರವಾಗಿಬಿಟ್ಟಿತ್ತು. ಪಾಪು ಆವತ್ತು ಏನಾದರೂ ಎತ್ತಿ ಕೊಟ್ಟರೆ ಸುಮ್ನೆ ತೆಗೆದುಕೊಂಡು ಒಂದು ನಗು ನಕ್ಕುಬಿಡಿ. ಅಷ್ಟು ಸಾಕು.

ಆರರಿಂದ ಹನ್ನೊಂದರ ಕಾಲವನ್ನು ನಾನು ಬೇಗ ದಾಟುತ್ತೇನೆ, ನಿಮ್ಮ ಮನೆಯಲ್ಲಿ ಸದ್ಯಕ್ಕೆ ಆ ವಯಸ್ಸಿನವರಿಲ್ಲ. ನೀರನ್ನು ಉದ್ದ ಲೋಟಕ್ಕೆ ಸುರಿದರೆ ಜಾಸ್ತಿಯಾಗುವುದಿಲ್ಲ ಅಂತ ತಿಳಿಯುವ ವಯಸ್ಸದು. ಆಟದ ನಿಯಮ, ಸರದಿ, "ಇದು ಅನ್ಯಾಯ" ಅನ್ನುವುದು ಆಗ ಬಹಳ ಮುಖ್ಯ. ತಮ್ಮನ್ನು ಬೇರೆ ಮಕ್ಕಳ ಜತೆ ಹೋಲಿಸಿಕೊಳ್ಳುವುದೂ ಶುರುವಾಗುತ್ತದೆ. ನಿಮ್ಮ ಮಗ ಅಲ್ಲಿಗೆ ಬಂದಾಗ ನೀವು ಅವನನ್ನು ಅಕ್ಕನ ಜತೆ ಹೋಲಿಸದಿದ್ದರೆ ಅರ್ಧ ಕೆಲಸ ಆಯಿತು.

ಮಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಬರೆದ ಸಾಲುಗಳಲ್ಲಿ ಕೋಪಕ್ಕಿಂತ ನೋವು ಜಾಸ್ತಿ ಕಂಡಿತು. ಹತ್ತು ವರ್ಷ ಸೆರಗು ಹಿಡಿದು ಓಡಾಡಿದ ಮಗು ಬಾಗಿಲು ಹಾಕಿಕೊಂಡರೆ ನೋವಾಗುತ್ತದೆ. ಅದು ಸಹಜ.

ಹನ್ನೊಂದು ಹನ್ನೆರಡರ ನಂತರ ಬುದ್ಧಿಗೆ ಹೊಸ ಬಾಗಿಲೊಂದು ತೆರೆಯುತ್ತದೆ. ಅಲ್ಲಿಯವರೆಗೆ ಇರುವುದರ ಬಗ್ಗೆ ಯೋಚಿಸುತ್ತಿದ್ದ ಮಗು ಈಗ ಇರಬಹುದಾದದ್ದರ ಬಗ್ಗೆ ಯೋಚಿಸುತ್ತದೆ. ಈ ನಿಯಮ ಯಾಕೆ? ಬೇರೆ ಥರ ಇದ್ದರೆ? ಅಪ್ಪ ಅಮ್ಮ ಹೇಳುವುದೊಂದು ಮಾಡುವುದೊಂದು ಯಾಕೆ? ಇದು ಅವಳಿಗೆ ಮೊದಲ ಸಲ ಸ್ಪಷ್ಟವಾಗಿ ಕಾಣುತ್ತಿದೆ. ಕಂಡದ್ದನ್ನು ಆಡದೆ ಇರುವುದು ಅವಳಿಗೆ ಕಷ್ಟ. ಅವಳ ವಾದ ಆ ಹೊಸ ಶಕ್ತಿಯ ಬಳಕೆ.

ಇದರ ಜತೆಗೇ ಇನ್ನೊಂದು ಬರುತ್ತದೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನುವ ಭಾವನೆ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ಕಾಲ್ಪನಿಕ ಪ್ರೇಕ್ಷಕರು ಅಂತ ಕರೆದರು. ಮುಖದ ಮೇಲೆ ಒಂದು ಮೊಡವೆ ಎದ್ದರೂ ಇಡೀ ಶಾಲೆ ನೋಡುತ್ತಿದೆ ಅನಿಸುತ್ತದೆ. ದಿನವಿಡೀ ಈ ಪ್ರೇಕ್ಷಕರ ಎದುರು ಇದ್ದು ಬಂದವಳಿಗೆ ಬಾಗಿಲು ಹಾಕಿಕೊಂಡು ಒಂದಿಷ್ಟು ಹೊತ್ತು ಒಬ್ಬಳೇ ಇರುವುದು ವಿಶ್ರಾಂತಿ. ಬಹಳ ಸಲ ಅದು ನಿಮ್ಮ ಮೇಲಿನ ಕೋಪ ಆಗಿರುವುದಿಲ್ಲ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೂ ತಡವಾಗುತ್ತದೆ, ರಾತ್ರಿ ನಿದ್ದೆ ಬರುವ ಹೊತ್ತು ಮುಂದೆ ಹೋಗುತ್ತದೆ. ಬೇಕಿರುವುದು ಎಂಟರಿಂದ ಹತ್ತು ಗಂಟೆ ನಿದ್ದೆ. ಸಿಗುವುದು ಕಡಿಮೆ. ಸಂಜೆಯ ಸಿಡುಕಿಗೆ ಇದೂ ಒಂದು ಕಾರಣ.

ಜಗಳ ಯಾವ ವಿಷಯಕ್ಕೆ ಆಗುತ್ತದೆ ಅಂತ ಒಂದು ವಾರ ಗಮನಿಸಿ. ಸ್ಮೆಟಾನಾ ಅವರು ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇದನ್ನೇ ನೋಡಿದರು. ಕಳ್ಳತನ, ಮೋಸ, ಹಿಂಸೆಯಂಥ ವಿಷಯಕ್ಕೆ ಜಗಳ ಕಡಿಮೆ. ಅವುಗಳಲ್ಲಿ ಮಕ್ಕಳೂ ಪಾಲಕರೂ ಹೆಚ್ಚಾಗಿ ಒಂದೇ ಕಡೆ ಇರುತ್ತಾರೆ. ಜಗಳ ಕೋಣೆ, ಬಟ್ಟೆ, ಕೂದಲು, ಫೋನು, ಗೆಳೆಯರ ಬಗ್ಗೆ. ಅಮ್ಮನಿಗೆ ಇದು ಶಿಸ್ತು. ಮಗಳಿಗೆ "ಇದು ನನ್ನ ವಿಷಯ". ಹಾಗಾಗಿ ನಿಮ್ಮ ನಿಯಮಗಳನ್ನು ಒಮ್ಮೆ ಸೋಸಿ ನೋಡಿ. ಸುರಕ್ಷತೆ, ಬೇರೆಯವರಿಗೆ ನೋವು, ನಿಜ ಹೇಳುವುದು, ಇವುಗಳಲ್ಲಿ ಜಗ್ಗಬೇಡಿ. ಜಡೆ ಹೇಗೆ ಹಾಕಿಕೊಳ್ಳಬೇಕು, ಕೋಣೆಯ ಗೋಡೆಗೆ ಏನು ಅಂಟಿಸಬೇಕು ಅನ್ನುವುದನ್ನು ಅವಳಿಗೇ ಬಿಡಿ. ಎಲ್ಲದಕ್ಕೂ ಒಂದೇ ಗಟ್ಟಿ ಧ್ವನಿ ಬಳಸಿದರೆ ಯಾವುದು ನಿಜವಾಗಿ ಮುಖ್ಯ ಅಂತ ಅವಳಿಗೆ ಗೊತ್ತಾಗುವುದಿಲ್ಲ.

ಗೆಳತಿಯರ ವಿಷಯ ಸ್ವಲ್ಪ ಬೇರೆ, ಇಲ್ಲಿ ಎಚ್ಚರ ಬೇಕು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಒಬ್ಬರೇ ಆಡುವಾಗಿನದಕ್ಕೆ ಹೋಲಿಸಿದರೆ, ಗೆಳೆಯರು ನೋಡುತ್ತಿದ್ದಾಗ 13ರಿಂದ 16ರ ಮಕ್ಕಳು ತೆಗೆದುಕೊಂಡ ಅಪಾಯ ಸುಮಾರು ದುಪ್ಪಟ್ಟು. ದೊಡ್ಡವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಗೆಳೆಯರು ನೋಡುತ್ತಿರುವಾಗ ಹದಿಹರೆಯದವರ ಮಿದುಳಿನಲ್ಲಿ ಖುಷಿ ಕೊಡುವ ಭಾಗಗಳು ಹೆಚ್ಚು ಚುರುಕಾಗುತ್ತವೆ ಅಂತ ಮುಂದೆ ತಿಳಿಯಿತು. ಅಪಾಯ ಏನು ಅಂತ ಅವಳಿಗೆ ಗೊತ್ತಿಲ್ಲ ಅಂತಲ್ಲ. ಒಬ್ಬಳೇ ಕೂತಾಗ ನಿಮ್ಮಷ್ಟೇ ಚೆನ್ನಾಗಿ ಹೇಳಬಲ್ಲಳು. ಅದಕ್ಕೆ ಬರೀ ಉಪದೇಶ ಸಾಲದು. "ಎಲ್ಲಿಂದಲಾದರೂ, ಯಾವ ಹೊತ್ತಿಗಾದರೂ ಫೋನ್ ಮಾಡು, ಬಂದು ಕರೆದುಕೊಂಡು ಹೋಗ್ತೀನಿ, ಆ ರಾತ್ರಿ ಒಂದು ಮಾತೂ ಕೇಳಲ್ಲ" ಅಂತ ಈಗಲೇ ಹೇಳಿಡಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಗೆಳತಿಯರನ್ನು ಮನೆಗೆ ಕರೆಯಲು ಬಿಡಿ. ಅವರನ್ನು ಬೈದರೆ ಅವಳು ಅವರ ಕಡೆಗೇ ವಾಲುತ್ತಾಳೆ.

ಈ ವಯಸ್ಸಿನ ಸರಿತಪ್ಪಿನ ಯೋಚನೆಯ ಬಗ್ಗೆ ಲಾರೆನ್ಸ್ ಕೋಲ್ಬರ್ಗ್ 1958ರಿಂದ ಕೆಲಸ ಮಾಡಿದರು. ಶಿಕ್ಷೆಯ ಭಯದಿಂದ ಶುರುವಾಗಿ, ನಾಲ್ಕು ಜನ ಒಪ್ಪುತ್ತಾರೆ ಅನ್ನುವುದನ್ನು ದಾಟಿ, ತಾನೇ ಯೋಚಿಸಿ ಒಪ್ಪಿಕೊಂಡ ತತ್ವದವರೆಗೆ ಮೆಟ್ಟಿಲುಗಳಿವೆ ಅಂದರು. ಅವರು ಮೊದಲು ಮಾತಾಡಿಸಿದ್ದು ಹುಡುಗರನ್ನು ಮಾತ್ರ. ಆ ಅಳತೆಯಲ್ಲಿ ಕಾಳಜಿಗೆ, ಸಂಬಂಧಕ್ಕೆ ಜಾಗ ಸಾಲದು ಅಂತ ಕ್ಯಾರಲ್ ಗಿಲಿಗನ್ 1982ರಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪ ನನಗೂ ಒಪ್ಪಿಗೆ. ನಿಮ್ಮ ಮಗಳು ಗೆಳತಿಯ ಗುಟ್ಟನ್ನು ನಿಮಗೂ ಹೇಳದೆ ಇಟ್ಟುಕೊಂಡರೆ ಅದನ್ನು ಕಳ್ಳತನ ಅಂದುಕೊಳ್ಳಬೇಡಿ. ಅವಳ ನೀತಿ ಅಲ್ಲಿ ಬೆಳೆಯುತ್ತಿರಬಹುದು. ಯಾರ ಜೀವಕ್ಕಾದರೂ ಅಪಾಯ ಇದ್ದರೆ ಮಾತ್ರ ಗುಟ್ಟು ಗುಟ್ಟಲ್ಲ ಅಂತ ತಿಳಿಸಿ ಹೇಳಿ.

ಎರಡೇಟಿನ ಮಾತಿಗೆ ನನ್ನ ಉತ್ತರ: ಬೇಡ. 2016ರಲ್ಲಿ ಸುಮಾರು 1,60,000 ಮಕ್ಕಳನ್ನು ಒಳಗೊಂಡ 75 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಏಟು ತಿಂದ ಮಕ್ಕಳು ಹೆಚ್ಚು ಒಳ್ಳೆಯವರಾದ ಲಕ್ಷಣ ಸಿಗಲಿಲ್ಲ. ಹೊಡೆದಾಟ, ಹಟ, ಮನಸ್ಸಿನ ತೊಂದರೆ ಅವರಲ್ಲೇ ಜಾಸ್ತಿ ಕಂಡವು. ಹಟದ ಮಕ್ಕಳಿಗೇ ಹೆಚ್ಚು ಏಟು ಬಿದ್ದಿರಲೂಬಹುದು, ನಿಜ. ಹಾಗಿದ್ದರೂ ಏಟಿನಿಂದ ಉಪಯೋಗವಾಯಿತು ಅನ್ನಲು ಆಧಾರವಿಲ್ಲ. ಏಟು ಕ್ಷಣಕ್ಕೆ ನಿಲ್ಲಿಸುತ್ತದೆ, ಯಾಕೆ ತಪ್ಪು ಅಂತ ಹೇಳುವುದಿಲ್ಲ. "ನೀನು ತಳ್ಳಿದ್ದಕ್ಕೆ ಅವನಿಗೆ ನೋವಾಯಿತು, ಅವನ ಮುಖ ನೋಡು" ಅನ್ನುವ ಮಾತು ಹೇಳುತ್ತದೆ. ಇದಕ್ಕೆ ನೂರು ಸಲ ಹೇಳುವ ತಾಳ್ಮೆ ಬೇಕು. ಕಷ್ಟ ಅಂತ ನನಗೆ ಗೊತ್ತು.

ಏಟಿಗಿಂತ ಕೆಲಸ ಮಾಡುವುದು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಸಿಹಿಯನ್ನು ಮುಂದಿಟ್ಟು "ತಿನ್ನದೆ ಕಾದರೆ ಇನ್ನೊಂದು ಕೊಡ್ತೀನಿ" ಅನ್ನುವ ಪ್ರಯೋಗ ನೀವೂ ಕೇಳಿರಬಹುದು. 2013ರಲ್ಲಿ ಅದಕ್ಕೆ ಒಂದು ತಿರುವು ಕೊಟ್ಟರು. ಮೊದಲು ಕೆಲವು ಮಕ್ಕಳಿಗೆ "ಒಳ್ಳೆ ಬಣ್ಣ ತರ್ತೀನಿ" ಅಂತ ಹೇಳಿ ತರಲಿಲ್ಲ, ಕೆಲವರಿಗೆ ಹೇಳಿದಂತೆ ತಂದರು. ಆಮೇಲೆ ಸಿಹಿ ಇಟ್ಟರು. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು 3 ನಿಮಿಷ. ತಾಳ್ಮೆ ಇಲ್ಲ ಅಂತ ನಾವು ಮಕ್ಕಳನ್ನು ದೂರುತ್ತೇವೆ. ಕಾದರೆ ಸಿಗುತ್ತದೆ ಅನ್ನುವ ನಂಬಿಕೆಯೂ ಅದರಲ್ಲಿ ಸೇರಿದೆ.

ನಿಜವಾಗಿ ವೈದ್ಯರ ಹತ್ತಿರ ಹೋಗಬೇಕಾದದ್ದು ಯಾವಾಗ ಅಂತಲೂ ಹೇಳಿಬಿಡುತ್ತೇನೆ. ಪಾಪು ವರ್ಷ ತುಂಬಿದರೂ ಬಾಬಾ, ದಾದಾ ಅಂತ ತೊದಲದಿದ್ದರೆ, ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವಂಥ ಸನ್ನೆಗಳು ಬಾರದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ ತೋರಿಸಿ. 16 ತಿಂಗಳಿಗೆ ಒಂದೂ ಪದ, ಎರಡು ವರ್ಷಕ್ಕೆ ಎರಡು ಪದ ಸೇರಿಸಿದ ಮಾತು ಇಲ್ಲದಿದ್ದರೂ ಕಾಯಬೇಡಿ. ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ಅಥವಾ ಆಟ ನಿಂತುಹೋದರೆ ಕೂಡಲೇ ಹೋಗಿ. ಮಗನ ಸುಳ್ಳಿನ ಜತೆ ಪ್ರಾಣಿಗಳಿಗೆ, ಚಿಕ್ಕವರಿಗೆ ಬೇಕೆಂದೇ ನೋವು ಕೊಡುವುದು ಪದೇ ಪದೇ ಕಂಡರೆ ಸಲಹೆ ಪಡೆಯಿರಿ. ಮಗಳು ಗೆಳತಿಯರನ್ನೂ ಬಿಟ್ಟು ಒಂಟಿಯಾದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಕೆಲಸಗಳೂ ಬೇಡವಾಗಿ ಎರಡು ವಾರ ದಾಟಿದರೆ, ಸಾಯುವ ಮಾತಾಡಿದರೆ ಅದನ್ನು ವಯಸ್ಸಿನ ಸಿಡುಕು ಅಂತ ತಳ್ಳಿಹಾಕಬೇಡಿ. ಸಾಯುವ ಮಾತಿಗಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಆವತ್ತೇ ಕರೆದುಕೊಂಡು ಹೋಗಿ.

ಎಲ್ಲಿ ತಪ್ಪಿದೆ ಅಂತ ಕೇಳಿದ್ದಿರಿ. ಅಮ್ಮಂದಿರು ಮತ್ತು ಕೂಸುಗಳನ್ನು ವಿಡಿಯೊದಲ್ಲಿ ಕ್ಷಣಕ್ಷಣ ನೋಡಿದ ಎಡ್ವರ್ಡ್ ಟ್ರಾನಿಕ್ ಕಂಡದ್ದು ಏನು ಗೊತ್ತಾ? ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಜಾಸ್ತಿ ಹೊತ್ತು ತಾಳ ತಪ್ಪಿರುತ್ತದೆ. ಮಗು ನಕ್ಕಾಗ ಅಮ್ಮ ಬೇರೆ ಕಡೆ ನೋಡುತ್ತಿರುತ್ತಾಳೆ, ಅಮ್ಮ ಕರೆದಾಗ ಮಗು ಮುಖ ತಿರುಗಿಸಿರುತ್ತದೆ. ಮತ್ತೆ ಹುಡುಕಿ ಕೂಡಿಸಿಕೊಳ್ಳುತ್ತಾರೆ. ಆ ಕೂಡಿಸಿಕೊಳ್ಳುವುದರಲ್ಲೇ ಮಗುವಿಗೆ ನಂಬಿಕೆ ಬೆಳೆಯುತ್ತದೆ.

ಆದ್ದರಿಂದ ಲೋಟದ ವಿಷಯ ಇನ್ನೂ ಮುಗಿದಿಲ್ಲ, ಕೂಡಿಸಿಕೊಳ್ಳಬಹುದು. ಇವತ್ತು ಮಗನನ್ನು ಮಲಗಿಸುವಾಗ ದೀಪ ಆರಿಸಿದ ಮೇಲೆ ಹೇಳಿ. "ಆವತ್ತು ಲೋಟ ನಿನ್ನ ಕೈಯಿಂದ ಬಿದ್ದಿದ್ದು ನಾನು ನೋಡಿದ್ದೆ. ನೋಡಿಯೂ ಯಾರು ಅಂತ ಕೇಳಿದೆ. ನಿನಗೆ ಭಯ ಆಯ್ತಾ?" ಅವನು ಏನು ಹೇಳಿದರೂ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.